ಹಡಗಿನ ಪಕ್ಕೆಯ ಮೇಲಿನ ಗೆರೆಗಳು: ಎಳೆಯುವವರು ಯಾರು, ನೋಡುವವರು ಯಾರು?

ವರದೆಯ ಅಕ್ಕ, ಸಾಗರ ತಾಲ್ಲೂಕು (ಭಾನುವಾರ, ಸಂಜೆ 6:10)

ನಮಸ್ಕಾರ. ಅಡಿಕೆ ಕೊಳೆರೋಗ, ಮಂಗನ ಕಾಟ ಮಾತನಾಡುವ ಈ ವೇದಿಕೆಯಲ್ಲಿ ಹಡಗಿನ ವಿಷಯ ಎತ್ತುತ್ತಿದ್ದೇನೆ, ನಗಬೇಡಿ. ನಮ್ಮ ಊರಿನ ಹೆಸರು ಸಾಗರ ಎನ್ನುವುದೊಂದೇ ನಮ್ಮ ಮನೆಗೂ ಸಮುದ್ರಕ್ಕೂ ಇದ್ದ ನಂಟು. ಏಳು ತಿಂಗಳ ಹಿಂದೆ ನನ್ನ ತಮ್ಮ ಸರಕು ಹಡಗಿನಲ್ಲಿ ಡೆಕ್ಕಿನ ಕೆಲಸಕ್ಕೆ ಸೇರಿದ. ಅಲ್ಲಿಂದ ಮನೆಯಲ್ಲಿ ಹವಾಮಾನ ವರದಿ ಬಂದರೆ ಎಲ್ಲರೂ ಸುಮ್ಮನಾಗುತ್ತೇವೆ.

ಈಗ ಅವನ ಹಡಗು ಪೂರ್ವ ಕರಾವಳಿಯ ಒಂದು ಬಂದರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಸಿಕೊಳ್ಳುತ್ತಿದೆ. ಮೊನ್ನೆ ಕಟ್ಟೆಯ ಮೇಲೆ ನಿಂತು ಹಡಗಿನ ಪಕ್ಕೆಯ ಫೋಟೊ ತೆಗೆದು ಕಳಿಸಿದ. ಒಂದು ವೃತ್ತ, ಅದನ್ನು ಸೀಳಿದಂತೆ ಅಡ್ಡಗೆರೆ, ಪಕ್ಕದಲ್ಲಿ ಹಲ್ಲು ಮುರಿದ ಬಾಚಣಿಗೆಯಂತೆ ಇನ್ನಷ್ಟು ಗೆರೆಗಳು, ಅವುಗಳ ಪಕ್ಕ ಟಿ, ಎಸ್, ಡಬ್ಲ್ಯು ಎಂಬ ಅಕ್ಷರಗಳು. ಕೆಳಗೆ "ಅಕ್ಕಾ, ಇದೇ ನಮ್ಮ ಆಯುಷ್ಯರೇಖೆ" ಎಂದು ಬರೆದಿದ್ದ. ತಮಾಷೆಗೆ ಬರೆದದ್ದು. ಆದರೆ ಅಮ್ಮ ಅದನ್ನು ನನ್ನಿಂದ ಓದಿಸಿಕೊಂಡಳು. ಎರಡು ದಿನದಿಂದ ಅವಳ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿಯುತ್ತಿದೆ.

ಇನ್ನೊಂದು ಸಂಗತಿ. ಅಲ್ಲಿ ಮಳೆ ಬಂದು ಕ್ಯಾಪ್ಟನ್ ಸರಕು ತುಂಬುವುದನ್ನು ನಿಲ್ಲಿಸಿದ್ದಾನಂತೆ. ಸರಕಿನವರ ಏಜೆಂಟ್ ಹಡಗು ಹತ್ತಿ ಬಂದು ಕೂಗಾಡಿದನಂತೆ. ಗೊತ್ತಿರುವವರು ಹೇಳಿ: ಆ ಗೆರೆಗಳನ್ನು ಎಳೆಯುವವರು ಯಾರು? ಮೀರಿದರೆ ಕೇಳುವವರು ಯಾರು? ಕಲ್ಲಿನ ಪುಡಿಗೆ ಮಳೆ ಬಿದ್ದರೆ ಏನಾಗುತ್ತದೆ?

ಹತ್ತು ಗಾಲಿ, ಶಿವಮೊಗ್ಗ (ಭಾನುವಾರ, ಸಂಜೆ 7:02)

ಅಕ್ಕಾ, ಹೆದರಿಸಲು ಹೇಳುತ್ತಿಲ್ಲ, ಆದರೆ ಗೆರೆಯನ್ನು ನಂಬಬೇಡಿ. ಲಾರಿಯ ಬಾಗಿಲ ಮೇಲೂ ಇಷ್ಟು ಟನ್ ಎಂದು ಬರೆದಿರುತ್ತದೆ. 2005ರ ಸುಮಾರಿಗೆ ನಾನು ಹೊಸಪೇಟೆ ಕಡೆಯಿಂದ ಮಂಗಳೂರು ಬಂದರಿಗೆ ಅದಿರು ಹೊಡೆಯುತ್ತಿದ್ದೆ. ಹದಿನಾರು ಟನ್ ಹಾಕಬೇಕಾದ ಗಾಡಿಗೆ ಇಪ್ಪತ್ತೆರಡು ಹಾಕಿ ಹುಲಿಕಲ್ ಘಾಟಿ ಇಳಿಸಿದ್ದೇನೆ. ಬ್ರೇಕ್ ಕಾದ ವಾಸನೆ ಹೊಸಂಗಡಿ ತಲುಪುವವರೆಗೂ ಮೂಗಿನಲ್ಲಿರುತ್ತಿತ್ತು. ದಾರಿಯಲ್ಲಿ ಕೇಳುವವರು ಇರಲಿಲ್ಲವೇ? ಇದ್ದರು. ಕೇಳಿದ್ದನ್ನು ಕೊಟ್ಟು ಮುಂದೆ ಹೋಗುತ್ತಿದ್ದೆವು. ಲಾರಿಗೆ ಇಲ್ಲದ ನೀತಿ ಹಡಗಿಗೆ ಎಲ್ಲಿಂದ ಬರಬೇಕು?

ಹಳೇ ಎಂಜಿನ್, ತೀರ್ಥಹಳ್ಳಿ ಕಡೆ (ಭಾನುವಾರ, ರಾತ್ರಿ 8:45)

ತಂಗಿ, ಮೂವತ್ತೊಂದು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿದ್ದು ಈಗ ಎರಡು ಎಕರೆ ತೋಟ ನೋಡಿಕೊಂಡಿರುವವನು ನಾನು. ಮೊದಲು ಅಮ್ಮನಿಗೆ ಊಟ ಮಾಡಲು ಹೇಳು. ಮಳೆ ಬಂತೆಂದು ಲೋಡಿಂಗ್ ನಿಲ್ಲಿಸುವ ಕ್ಯಾಪ್ಟನ್ ಸಿಕ್ಕಿದ್ದಾನೆ, ಅದು ಪುಣ್ಯ.

ಗೆರೆಯ ವಿಷಯ. ಆ ವೃತ್ತದ ಹೊರ ಅಳತೆ 30 ಸೆಂಟಿಮೀಟರ್, ನಡುವಿನ ಅಡ್ಡಗೆರೆ 45 ಸೆಂಟಿಮೀಟರ್ ಉದ್ದ. ಜಗತ್ತಿನ ಯಾವ ಬಂದರಿಗೆ ಹೋದರೂ ಇದೇ ಅಳತೆ. ಬರೀ ಬಣ್ಣದ್ದಲ್ಲ. ಉಕ್ಕಿನ ಮೇಲೆ ಬೆಸುಗೆಯಿಂದ ಉಬ್ಬಿಸಿ ಅದರ ಮೇಲೆ ಬಣ್ಣ ಹೊಡೆದಿರುತ್ತಾರೆ, ರಾತ್ರೋರಾತ್ರಿ ಅಳಿಸಿ ಮೇಲೆ ಬರೆಯಲು ಬರುವುದಿಲ್ಲ. ವೃತ್ತದ ಎರಡು ಬದಿಯ ಅಕ್ಷರಗಳು ಗೆರೆ ಹಾಕಿಸಿದ ಸಂಸ್ಥೆಯ ಗುರುತು. ಭಾರತೀಯ ನೌಕಾ ರಿಜಿಸ್ಟರ್ ಆದರೆ ಐ ಮತ್ತು ಆರ್. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ಸರ್ಕಾರದ ಪರವಾಗಿ ಇಂಥ ಸಂಸ್ಥೆ ಲೆಕ್ಕ ಹಾಕಿ ಗೆರೆಯ ಜಾಗ ಗೊತ್ತುಮಾಡುತ್ತದೆ. ಪ್ರಮಾಣಪತ್ರಕ್ಕೆ ಐದು ವರ್ಷ ಆಯುಷ್ಯ, ನಡುವೆ ವರ್ಷಕ್ಕೊಮ್ಮೆ ತಪಾಸಣೆ.

ಎಸ್ ಎಂದರೆ ಬೇಸಿಗೆ. ಟಿ ಎಂದರೆ ಉಷ್ಣವಲಯ, ಅದು ಸ್ವಲ್ಪ ಮೇಲೆ. ಡಬ್ಲ್ಯು ಚಳಿಗಾಲ, ಅದು ಕೆಳಗೆ. ಎಫ್ ಸಿಹಿನೀರು. ಉಪ್ಪುನೀರು ಹಡಗನ್ನು ಹೆಚ್ಚು ಎತ್ತಿ ಹಿಡಿಯುತ್ತದೆ. ಹೊಳೆಯೊಳಗಿನ ಬಂದರಿನಲ್ಲಿ ಎಫ್ ಗೆರೆಯವರೆಗೆ ತುಂಬಿದ ಹಡಗು ಅಳಿವೆ ದಾಟಿ ಸಮುದ್ರಕ್ಕೆ ಬಂದರೆ ತಾನಾಗಿ ಎದ್ದು ಎಸ್ ಗೆರೆಗೆ ನಿಲ್ಲುತ್ತದೆ. ಎಸ್ ಗೆರೆಯವರೆಗೆ ತುಂಬಿದಾಗ ಹಡಗು ನೀರಿನೊಳಗೆ ಎಷ್ಟು ಆಳ ಇಳಿಯುತ್ತದೋ ಅದು ಬೇಸಿಗೆಯ ಮುಳುಗು; ಅದರ ನಲವತ್ತೆಂಟನೆಯ ಒಂದು ಪಾಲಿನಷ್ಟು ಮೇಲೆ ಟಿ, ಅಷ್ಟೇ ಕೆಳಗೆ ಡಬ್ಲ್ಯು. ನಮ್ಮ ಮುಂಗಾರಿಗೂ ಇದರಲ್ಲಿ ಜಾಗ ಇದೆ: ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬೀ ಸಮುದ್ರದಲ್ಲಿ ಟಿ ಗೆರೆಯವರೆಗೆ ತುಂಬುವಂತಿಲ್ಲ, ಎಸ್‌ಗೆ ನಿಲ್ಲಿಸಬೇಕು. ಮಳೆಗಾಲದಲ್ಲಿ ಬಂಗಾಳ ಕೊಲ್ಲಿಗೂ ಹಾಗೆಯೇ.

ಇನ್ನೊಂದು ಮಾತು, ಇದನ್ನು ಹಡಗಿನವರೇ ಮರೆಯುತ್ತಾರೆ. ಆ ಗೆರೆ ಕೊಡುವುದು ಷರತ್ತಿನ ಮೇಲೆ. ಹ್ಯಾಚ್ ಎಂದರೆ ಸರಕಿನ ಕೋಣೆಯ ಬಾಯಿ, ಅದರ ಮುಚ್ಚಳಗಳು ನೀರು ಬಿಡಬಾರದು, ಗಾಳಿಕೊಳವೆಗಳ ಮುಚ್ಚಳ ಕೂರಬೇಕು, ಡೆಕ್ಕಿನ ಕಟಕಟೆ ಗಟ್ಟಿಯಿರಬೇಕು, ಅಲೆ ಹಾರಿ ಒಳಗೆ ಬಿದ್ದ ನೀರು ಹೊರಗೆ ಹರಿಯಲು ಕಂಡಿಗಳು ತೆರೆದಿರಬೇಕು. ಮುಚ್ಚಳದ ರಬ್ಬರ್ ಹರಿದಿದ್ದರೆ ಗೆರೆ ಎಲ್ಲಿದ್ದರೇನು?

ಹತ್ತು ಗಾಲಿ (ಭಾನುವಾರ, ರಾತ್ರಿ 9:20)

ರಾಯರೇ, ಅಷ್ಟು ಚೆನ್ನಾಗಿ ಹೇಳಿದಿರಿ, ಒಂದು ಲೆಕ್ಕ ಕೊಡಿ. ನಲವತ್ತೆಂಟನೆಯ ಒಂದು ಪಾಲು ಎಂದರೆ ಎಷ್ಟು ಸರಕು?

ಹಳೇ ಎಂಜಿನ್ (ಭಾನುವಾರ, ರಾತ್ರಿ 9:31)

ಮಧ್ಯಮ ಗಾತ್ರದ ಅದಿರು ಹಡಗು ಹನ್ನೆರಡೂವರೆ ಮೀಟರ್ ಮುಳುಗುತ್ತದೆ ಎಂದುಕೊಳ್ಳಿ. ಪಾಲು 26 ಸೆಂಟಿಮೀಟರ್, ಹೆಚ್ಚು ಕಡಿಮೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಅಂಥ ಹಡಗು ಒಂದು ಸೆಂಟಿಮೀಟರ್ ಇಳಿಯಬೇಕಾದರೆ ಸುಮಾರು 55 ಟನ್ ಹಾಕಬೇಕು. ಒಟ್ಟು 1400 ಟನ್.

ಹತ್ತು ಗಾಲಿ (ಭಾನುವಾರ, ರಾತ್ರಿ 9:38)

ಹದಿನಾರು ಟನ್ನಿನ ಎಂಬತ್ತೆಂಟು ಲಾರಿ! ಒಂದು ಗೇಣಿನಲ್ಲಿ! ಇಷ್ಟು ದುಡ್ಡು ಒಂದು ಗೇಣಿನಲ್ಲಿ ಮುಳುಗಿ ಕುಳಿತಿದ್ದರೆ ಯಾವ ಮಾಲೀಕ ಸುಮ್ಮನಿರುತ್ತಾನೆ? ನನ್ನ ಮಾತೇ ಸರಿಯಾಯಿತು.

ಹಳೇ ಎಂಜಿನ್ (ಭಾನುವಾರ, ರಾತ್ರಿ 9:50)

ಅರ್ಧ ಸರಿ. ಲಾರಿಯ ತೂಕ ತಿಳಿಯಲು ತೂಕದ ಕಟ್ಟೆಗೆ ಹೋಗಬೇಕು, ಅಲ್ಲಿ ಚೀಟಿ ಬರೆಯುವವನು ಒಬ್ಬನಿರುತ್ತಾನೆ. ಹಡಗು ತಾನೇ ತಕ್ಕಡಿ. ಹೆಚ್ಚು ಹಾಕಿದರೆ ಗೆರೆ ನೀರಿನೊಳಗೆ ಹೋಗುತ್ತದೆ, ಕಟ್ಟೆಯ ಮೇಲೆ ಗಾಳ ಹಾಕಿ ಕುಳಿತ ಹುಡುಗನಿಗೂ ಕಾಣುತ್ತದೆ. ಬಂದರಿನ ದೇಶದ ತಪಾಸಣಾಧಿಕಾರಿ ನೋಡಿದರೆ ಹಡಗನ್ನು ಹೊರಡಲು ಬಿಡುವುದಿಲ್ಲ, ಯಾವ ದೇಶದ ಬಾವುಟವಾದರೂ ಸರಿ.

ಆದರೆ ತಕ್ಕಡಿಗೂ ಮೋಸ ಮಾಡುವವರಿದ್ದಾರೆ. ದಕ್ಷಿಣ ಕೊರಿಯಾದ ಸೆವೊಲ್ ಎಂಬ ಪ್ರಯಾಣಿಕರ ಹಡಗು 2014ರ ಏಪ್ರಿಲ್‌ನಲ್ಲಿ ಮಗುಚಿ 304 ಜನ ಸತ್ತರು, ಹೆಚ್ಚಿನವರು ಪ್ರವಾಸ ಹೊರಟ ಶಾಲೆಯ ಮಕ್ಕಳು. ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಸರಕು ಹಾಕಿದ್ದರು. ಗೆರೆ ಮುಳುಗಬಾರದಲ್ಲ, ಅದಕ್ಕೆ ತಳದಲ್ಲಿ ಭಾರಕ್ಕೆಂದು ಇರಬೇಕಾದ ನೀರನ್ನು ಕಡಿಮೆ ಮಾಡಿದ್ದರು. ಹೊರಗಿನಿಂದ ನೋಡಿದರೆ ಗೆರೆ ಸರಿಯಾಗಿಯೇ ಇತ್ತು. ತಲೆ ಭಾರ, ಬುಡ ಹಗುರ. ತಿರುವಿನಲ್ಲಿ ವಾಲಿತು, ಕಟ್ಟದ ಸರಕು ಜಾರಿತು.

ಕಂಟೇನರ್ ಹಡಗುಗಳದ್ದು ಇನ್ನೊಂದು ಕಥೆ. ಮುಚ್ಚಿದ ಪೆಟ್ಟಿಗೆ, ಒಳಗಿನ ತೂಕ ಕಳಿಸಿದವನು ಬರೆದದ್ದೇ ನಿಜ. 2016ರ ಜುಲೈ 1ರಿಂದ ತೂಗಿ ದೃಢಪಡಿಸಿದ ಲೆಕ್ಕ ಇಲ್ಲದೆ ಕಂಟೇನರನ್ನು ಹಡಗಿಗೆ ಏರಿಸಬಾರದು ಎಂಬ ನಿಯಮ ಬಂತು. ಅಲ್ಲಿಯವರೆಗೆ, ಹತ್ತು ಗಾಲಿಯವರೇ, ನಿಮ್ಮ ಚೀಟಿಯೇ ಅಲ್ಲೂ ನಡೆಯುತ್ತಿತ್ತು.

ಹೊಸನಗರದ ಮೇಷ್ಟ್ರು (ಸೋಮವಾರ, ಬೆಳಿಗ್ಗೆ 6:25)

ರಾತ್ರಿ ಇದನ್ನು ಓದಿ ನಿದ್ದೆ ಬರಲಿಲ್ಲ. ನಿವೃತ್ತ ಇತಿಹಾಸ ಶಿಕ್ಷಕನಿಗೆ ಇಂಥದ್ದು ಸಿಕ್ಕರೆ ಹಲಸಿನ ಹಣ್ಣಿಗೆ ಬಿದ್ದ ಮಂಗನ ಹಾಗೆ.

ಗೆರೆಯನ್ನು ಸರ್ಕಾರ ತಾನಾಗಿ ಕೊಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಳೆಯ ಹಡಗಿಗೆ ಅದರ ಬೆಲೆಗಿಂತ ಹೆಚ್ಚು ವಿಮೆ ಮಾಡಿಸಿ, ಕತ್ತಿನವರೆಗೆ ಸರಕು ತುಂಬಿ ಕಳಿಸುವ ಮಾಲೀಕರಿದ್ದರು. ತಲುಪಿದರೆ ಬಾಡಿಗೆ, ಮುಳುಗಿದರೆ ವಿಮೆ. ಜನ ಅವನ್ನು ಶವಪೆಟ್ಟಿಗೆ ಹಡಗುಗಳೆಂದೇ ಕರೆದರು. ಕರಾರಿಗೆ ಸಹಿ ಹಾಕಿದ ನಾವಿಕ ಹಡಗಿನ ಸ್ಥಿತಿ ನೋಡಿ ಹತ್ತುವುದಿಲ್ಲ ಎಂದರೆ ಜೈಲಿಗೆ ಹೋಗುತ್ತಿದ್ದುದು ಅವನೇ. ಈ ಒಂದು ಸಾಲನ್ನು ನಾನು ತರಗತಿಯಲ್ಲಿ ಹೇಳಿದರೆ ಮಕ್ಕಳು ತಿರುಗಿ "ಯಾರು, ಮಾಲೀಕನೇ?" ಎಂದು ಕೇಳುತ್ತಿದ್ದರು. ಅಲ್ಲ ಮಕ್ಕಳೇ, ನಾವಿಕನೇ.

ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಕಲ್ಲಿದ್ದಲು ವ್ಯಾಪಾರಿ, 1868ರಿಂದ ಡರ್ಬಿಯ ಸಂಸದ. ಹಡಗಿನವನಲ್ಲ. 1873ರಲ್ಲಿ ನಾವಿಕರ ಪಾಡಿನ ಬಗ್ಗೆ ಪುಸ್ತಕ ಬರೆದು ಮಾಲೀಕರಿಂದ ಮಾನನಷ್ಟ ಮೊಕದ್ದಮೆ ಹಾಕಿಸಿಕೊಂಡ. 1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿ ಹಡಗು ಸುರಕ್ಷತೆಯ ಮಸೂದೆಯನ್ನು ಆ ಅಧಿವೇಶನದಿಂದ ಕೈಬಿಡುವುದಾಗಿ ಹೇಳಿದಾಗ, ಸಭೆಯ ನಡುವೆ ನಿಂತು ಮುಷ್ಟಿ ತೋರಿಸಿ ಮಾಲೀಕರನ್ನು ನೀಚರೆಂದು ಕೂಗಿದ. ಹೊರಗೆ ಹಾಕಿದರು. ವಾರದ ನಂತರ ಬಂದು ಕ್ಷಮೆ ಕೇಳಿದ, ಆದರೆ ಅಷ್ಟರಲ್ಲಿ ಬೀದಿಯಲ್ಲಿ ಜನ ಅವನ ಕಡೆ ನಿಂತಿದ್ದರು. 1876ರಲ್ಲಿ ಗೆರೆ ಕಡ್ಡಾಯವಾಯಿತು.

ಈಗ ಹತ್ತು ಗಾಲಿಯವರಿಗೆ ಇಷ್ಟವಾಗುವ ಭಾಗ. ಗೆರೆ ಕಡ್ಡಾಯ, ಆದರೆ ಎಲ್ಲಿ ಎಳೆಯಬೇಕೆಂಬುದು ಮಾಲೀಕನ ಇಷ್ಟ! ಒಬ್ಬ ಕ್ಯಾಪ್ಟನ್ ಹೊಗೆಕೊಳವೆಯ ಮೇಲೆ ಎಳೆಸಿದ ಎಂದು ಕಥೆ ಹೇಳುತ್ತಾರೆ. ಗೆರೆಯ ಜಾಗವನ್ನು ಕಾನೂನೇ ಗೊತ್ತುಮಾಡಿದ್ದು 1890ರಲ್ಲಿ. ಹದಿನಾಲ್ಕು ವರ್ಷ ಅದು ಗೋಡೆಯ ಮೇಲಿನ ಚಿತ್ತಾರ. ಆಮೇಲೆ 1930ರಲ್ಲಿ ಲಂಡನ್‌ನಲ್ಲಿ ದೇಶಗಳ ನಡುವೆ ಮೊದಲ ಒಪ್ಪಂದ, ಈಗ ನಡೆಯುತ್ತಿರುವುದು 1966ರದ್ದು, 1968ರ ಜುಲೈನಲ್ಲಿ ಜಾರಿಗೆ ಬಂತು. ನಮ್ಮಲ್ಲಿ 1958ರ ವಾಣಿಜ್ಯ ನೌಕಾ ಕಾಯ್ದೆ ಇತ್ತು, ಅದರ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸದನ್ನು ಅಂಗೀಕರಿಸಿತು. ನೋಡಿಕೊಳ್ಳುವುದು ಮುಂಬೈಯಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯ.

ಗೆರೆಯನ್ನು ಕಂಡುಹಿಡಿದವನು ಪ್ಲಿಮ್‌ಸಾಲ್.

ಹಳೇ ಎಂಜಿನ್ (ಸೋಮವಾರ, ಬೆಳಿಗ್ಗೆ 7:40)

ಮೇಷ್ಟ್ರೇ, ಕೊನೆಯ ಸಾಲಿಗೆ ಕೆಂಪು ಶಾಯಿ. ಅವನಿಗಿಂತ ಮೊದಲೇ ಜೇಮ್ಸ್ ಹಾಲ್ ಎಂಬ ಹಡಗು ಮಾಲೀಕನೇ ಇಂಥ ಗೆರೆ ಬೇಕೆಂದು ಹೇಳಿದ್ದ. ಮಾಲೀಕರೆಲ್ಲ ಒಂದೇ ಜಾತಿಯಲ್ಲ. ಪ್ಲಿಮ್‌ಸಾಲ್ ಅದನ್ನು ಕಾನೂನು ಮಾಡಿಸಿದ.

ಹೊಸನಗರದ ಮೇಷ್ಟ್ರು (ಸೋಮವಾರ, ಬೆಳಿಗ್ಗೆ 7:52)

ಒಪ್ಪಿದೆ. ನಲವತ್ತು ವರ್ಷ ತಪ್ಪು ಪಾಠ ಹೇಳಿದ್ದೇನೆ.

ವರದೆಯ ಅಕ್ಕ (ಸೋಮವಾರ, ಮಧ್ಯಾಹ್ನ 1:15)

ಎಲ್ಲರಿಗೂ ಕೈ ಮುಗಿದೆ. ಅಮ್ಮನಿಗೆ ವೃತ್ತದ ಕಥೆ ಹೇಳಿದೆ. "ಹಾಗಾದರೆ ಗೆರೆ ಕಾಣುತ್ತಿದ್ದರೆ ಸಾಕೋ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ತಮ್ಮ ಹೇಳುತ್ತಾನೆ, ಗೆರೆ ಇನ್ನೂ ನೀರಿನಿಂದ ಎರಡಾಳು ಮೇಲಿದೆ, ಆದರೂ ಕ್ಯಾಪ್ಟನ್ ಒಪ್ಪುತ್ತಿಲ್ಲ, ಅದಿರು ಹಸಿಯಾಗಿದೆ ಎನ್ನುತ್ತಾನೆ ಎಂದು. ಅಡಿಕೆ ಹಸಿ ಇದ್ದರೆ ಮಂಡಿಯಲ್ಲಿ ದರ ಬೀಳುತ್ತದೆ. ಅದಿರು ಹಸಿ ಇದ್ದರೆ ಹಡಗಿಗೇನು?

ಕುಪ್ಪಿ ತೊಳೆಯುವವಳು, ಭದ್ರಾವತಿ (ಸೋಮವಾರ, ರಾತ್ರಿ 8:05)

ಇದು ನನ್ನ ವಿಷಯ. ರಸಾಯನಶಾಸ್ತ್ರ ಓದಿ ಐದು ವರ್ಷ ಒಂದು ಬಂದರಿನ ಪ್ರಯೋಗಾಲಯದಲ್ಲಿ ಅದಿರಿನ ಮಾದರಿ ಪರೀಕ್ಷಿಸುವ ಕೆಲಸ ಮಾಡಿದ್ದೇನೆ. ರಾಶಿಯ ಮೇಲೆ ಗಮ್‌ಬೂಟ್ ಹಾಕಿಕೊಂಡು ಹತ್ತಿ, ಸಲಿಕೆಯಿಂದ ಅಗೆದು, ಚೀಲಕ್ಕೆ ತುಂಬಿ, ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗುವುದು. ಎರಡು ತೂಕದ ನಡುವಿನ ವ್ಯತ್ಯಾಸ ನೀರು.

ಅಕ್ಕಾ, ನಾಟಿಗೆ ಹದ ಮಾಡಿದ ಗದ್ದೆಯ ಅಂಚಿನಲ್ಲಿ ನಿಂತು ನೋಡಿರುತ್ತೀರಿ. ಮೇಲೆ ಗಟ್ಟಿಯಾಗಿಯೇ ಕಾಣುತ್ತದೆ. ಕಾಲಿಟ್ಟು ಎರಡು ಸಲ ಕುಲುಕಿಸಿದರೆ ಅಂಬಲಿ. ಅದಿರಿನ ಪುಡಿಯೂ ಹಾಗೆಯೇ. ಕಣಗಳ ನಡುವೆ ಗಾಳಿ ಮತ್ತು ನೀರು. ಹಡಗಿನ ಎಂಜಿನ್ ಅದುರುತ್ತದೆ, ಅಲೆ ಹೊಡೆಯುತ್ತದೆ, ಪುಡಿ ಕುಗ್ಗುತ್ತದೆ, ನಡುವಿನ ನೀರಿಗೆ ಹೋಗಲು ಜಾಗವಿಲ್ಲದೆ ಅದು ಕಣಗಳನ್ನೇ ಒಂದರಿಂದ ಒಂದು ಬಿಡಿಸುತ್ತದೆ. ಸಾವಿರಾರು ಟನ್ ಅದಿರು ಹೊಳೆಯಂತೆ ಒಂದು ಬದಿಗೆ ಹರಿಯುತ್ತದೆ. ಹಡಗು ಇತ್ತ ವಾಲಿದಾಗ ಹರಿದದ್ದು ಅತ್ತ ವಾಲಿದಾಗ ಪೂರ್ತಿ ಹಿಂದೆ ಬರುವುದಿಲ್ಲ. ಗೆರೆ ಎಷ್ಟು ಮೇಲಿದ್ದರೂ ಅಷ್ಟೇ.

ದೂರದ ಮಾತಲ್ಲ. 2009ರ ಜುಲೈನಲ್ಲಿ ಏಷ್ಯನ್ ಫಾರೆಸ್ಟ್ ಎಂಬ ಹಡಗು ನವಮಂಗಳೂರಿನಲ್ಲಿ ಅದಿರಿನ ಪುಡಿ ತುಂಬಿಕೊಂಡು ಹೊರಟು, ಮಂಗಳೂರಿನ ಆಚೆಗೇ ವಾಲಿ ಮುಳುಗಿತು. ಮಳೆಗಾಲದ ನಡುವೆ. ಹದಿನೆಂಟು ಜನ ಸಿಬ್ಬಂದಿಯನ್ನೂ ಕರಾವಳಿ ಕಾವಲು ಪಡೆ ಉಳಿಸಿತು. ಎರಡು ತಿಂಗಳಲ್ಲಿ ಪಾರಾದೀಪದ ಹತ್ತಿರ ಬ್ಲ್ಯಾಕ್ ರೋಸ್, ಅದೂ ಅದಿರಿನ ಪುಡಿಯೇ. ಮರುವರ್ಷದ ಕೊನೆಗೆ ಇಂಡೋನೇಷ್ಯಾದ ನಿಕ್ಕಲ್ ಅದಿರು ಹೊತ್ತ ಮೂರು ಹಡಗುಗಳು ಒಂದರ ಹಿಂದೆ ಒಂದರಂತೆ ಮುಳುಗಿ 44 ನಾವಿಕರು ಹೋದರು.

2011ರ ಜನವರಿಯಿಂದ ಬಿಡಿ ಘನ ಸರಕುಗಳ ಅಂತರರಾಷ್ಟ್ರೀಯ ಸಂಹಿತೆ ಕಡ್ಡಾಯವಾಗಿದೆ. ಪ್ರಯೋಗಾಲಯದಲ್ಲಿ ಯಾವ ತೇವಕ್ಕೆ ಪುಡಿ ಹರಿಯಲು ತೊಡಗುತ್ತದೆ ಎಂದು ನೋಡಿ, ಅದರ ನೂರಕ್ಕೆ ತೊಂಬತ್ತನ್ನು ಸಾಗಣೆಯ ಮಿತಿ ಎನ್ನುತ್ತೇವೆ. ತುಂಬುವ ಸರಕಿನ ತೇವ ಅದಕ್ಕಿಂತ ಕಡಿಮೆ ಇರಬೇಕು. ತೇವದ ಪರೀಕ್ಷೆ ಲೋಡಿಂಗಿಗೆ ಏಳು ದಿನಕ್ಕಿಂತ ಹಿಂದಿನದ್ದಾಗಿರಬಾರದು. ನಡುವೆ ಮಳೆ ಬಿದ್ದರೆ ಮತ್ತೆ ನೋಡಬೇಕು. ನಿಮ್ಮ ತಮ್ಮನ ಕ್ಯಾಪ್ಟನ್ ಕೇಳುತ್ತಿರುವುದು ಇದನ್ನೇ. ಏಜೆಂಟನ ಕೈಯಲ್ಲಿರುವುದು ಬಹುಶಃ ಮಳೆಗೆ ಮೊದಲಿನ ಕಾಗದ.

ಹಡಗಿನ ಮೇಲೆಯೇ ಮಾಡುವ ಒಂದು ಪರೀಕ್ಷೆಯೂ ಇದೆ, ಅದಕ್ಕೆ ಡಬ್ಬಿ ಸಾಕು. ಅರ್ಧ ಲೀಟರ್‌ನಿಂದ ಒಂದು ಲೀಟರ್ ಹಿಡಿಯುವ ಡಬ್ಬಿಗೆ ಅರ್ಧ ಪುಡಿ ಹಾಕಿ, ಒಂದು ಗೇಣು ಎತ್ತರದಿಂದ ಗಟ್ಟಿ ನೆಲಕ್ಕೆ ಇಪ್ಪತ್ತೈದು ಸಲ ಕುಟ್ಟುವುದು. ಮೇಲೆ ನೀರು ಮಿನುಗಿದರೆ, ಅಥವಾ ಪುಡಿ ಕೆಸರಾಗಿ ಅಲುಗಿದರೆ, ಪ್ರಯೋಗಾಲಯಕ್ಕೆ ಕಳಿಸದೆ ತುಂಬಬಾರದು. ನೆನಪಿಡಿ: ನೀರು ಕಾಣಲಿಲ್ಲ ಎಂದ ಮಾತ್ರಕ್ಕೆ ಸರಕು ಸುರಕ್ಷಿತ ಎಂದು ಅರ್ಥವಲ್ಲ.

ಮಾದರಿ ತೆಗೆಯುವವರ ಮೇಲಿನ ಒತ್ತಡವನ್ನೂ ಹೇಳಿಬಿಡುತ್ತೇನೆ. "ಮೇಡಂ, ರಾಶಿಯ ಮೇಲಿನಿಂದ ತೆಗೆಯಿರಿ, ಬಿಸಿಲಿಗೆ ಒಣಗಿದೆ, ಬುಡಕ್ಕೆ ಯಾಕೆ ಹೋಗುತ್ತೀರಿ, ಬಟ್ಟೆ ಕೊಳೆಯಾಗುತ್ತದೆ." ಎಷ್ಟು ಕಾಳಜಿ!

ಹತ್ತು ಗಾಲಿ (ಸೋಮವಾರ, ರಾತ್ರಿ 8:50)

ಮೇಡಂ, ನೀವು ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದರೆ ಇವತ್ತಿನವರೆಗೆ ಅರ್ಥವಾಗಿರಲಿಲ್ಲ. ತುಂಗೆಯ ಮರಳು ತುಂಬಿದಾಗ ಮೇಲೆ ನಿಂತು ಕುಣಿಯಬಹುದು, ಅಷ್ಟು ಗಟ್ಟಿ. ಇಪ್ಪತ್ತು ಕಿಲೋಮೀಟರ್ ಗುಂಡಿ ಬಿದ್ದ ರಸ್ತೆಯಲ್ಲಿ ಹೋಗಿ ತಾಡಪಾಲು ತೆಗೆದರೆ ಮೇಲೆ ನೀರು ನಿಂತಿರುತ್ತದೆ, ಹಿಂಬಾಗಿಲ ಸಂದಿಯಿಂದ ಸುರಿಯುತ್ತಿರುತ್ತದೆ. ಒಮ್ಮೆ ತಿರುವಿನಲ್ಲಿ ಗಾಡಿಯೇ ನನ್ನ ಕೈಯಿಂದ ಎಳೆದುಕೊಂಡು ಹೋದಂತಾಯಿತು. ಸ್ಟೇರಿಂಗ್ ಹಾಳಾಗಿದೆ ಎಂದು ಮೆಕ್ಯಾನಿಕ್‌ಗೆ ಎರಡು ಸಾವಿರ ಕೊಟ್ಟೆ.

ಮತ್ತು ಆ ಅದಿರು. ಜೂನ್ ತಿಂಗಳಿನಲ್ಲಿ ಘಾಟಿ ಇಳಿಸಿದ ಲೋಡುಗಳಿಗೆ ತಾಡಪಾಲು ಕಟ್ಟಿದ್ದು ಎಷ್ಟು ಸಲ, ಕಟ್ಟದೆ ಓಡಿಸಿದ್ದು ಎಷ್ಟು ಸಲ ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ.

ತುಮರಿ ದಡ (ಸೋಮವಾರ, ರಾತ್ರಿ 10:12)

ಹಡಗು ಕಂಡವನಲ್ಲ, ಲಾಂಚು ಕಂಡವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಮ್ಮ ಕರೂರು ಸೀಮೆ ಶರಾವತಿ ಹಿನ್ನೀರಿನ ಆಚೆ ಉಳಿಯಿತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗುವವರೆಗೆ ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಲಾಂಚೇ ಗತಿ. ಬಸ್ಸು, ಜೀಪು, ಸಿಗಂದೂರಿಗೆ ಹೋಗುವ ಭಕ್ತರು, ಹಾಲಿನ ಕ್ಯಾನು, ಹೆರಿಗೆ ನೋವು ಬಂದವರು, ಎಲ್ಲವೂ ಒಂದೇ ಹಲಗೆಯ ಮೇಲೆ.

ವಾಹನ ಹತ್ತಿಸುವ ಜಾಗದಲ್ಲಿ ನಿಲ್ಲುತ್ತಿದ್ದ ಒಬ್ಬರು ನನಗೆ ಮರೆಯುವುದಿಲ್ಲ. ಕೈಯಲ್ಲಿ ಸೀಟಿ, ಮೊಣಕಾಲವರೆಗೆ ಮಡಚಿದ ಖಾಕಿ ಪ್ಯಾಂಟು. ಅವರು ವಾಹನ ಎಣಿಸುತ್ತಿದ್ದರು ಎಂದು ಎಲ್ಲರೂ ತಿಳಿದಿದ್ದರು. ನಾನು ಹುಡುಗನಾಗಿದ್ದಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಅವರು ನೋಡುತ್ತಿದ್ದುದು ವಾಹನವನ್ನಲ್ಲ, ಲಾಂಚಿನ ಪಕ್ಕೆಯ ತಗಡನ್ನು. ಅಲ್ಲಿ ಒಂದು ತುಕ್ಕಿನ ಪಟ್ಟೆ ಇತ್ತು. ನೀರು ಆ ಪಟ್ಟೆಯನ್ನು ಮುಟ್ಟಿದ ಕೂಡಲೇ ಸೀಟಿ. ಆಮೇಲೆ ಯಾರು ಬಂದರೂ ಹಲಗೆ ಏಳುತ್ತಿತ್ತು. ಒಂದು ನವರಾತ್ರಿಯಲ್ಲಿ ಕೆಂಪು ದೀಪದ ಕಾರು ಬಂತು. ಚಾಲಕ ಇಳಿದು ಬಂದು ಯಾರ ಕಾರು ಗೊತ್ತೇ ಎಂದ. ಇವರು "ಹೊಳೆಗೆ ಗೊತ್ತಿಲ್ಲ" ಎಂದು ಹಲಗೆ ಎತ್ತಿಸಿದರು. ಕಾರು ಮುಂದಿನ ಸರದಿಗೆ ಕಾದಿತು. ಹಿಂದಿನ ಸಾಲಿನಲ್ಲಿದ್ದ ನಮ್ಮ ಅಜ್ಜ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕು ಅಂಗಿಯೆಲ್ಲ ಕೆಂಪು.

ಆ ತುಕ್ಕಿನ ಪಟ್ಟೆಗೂ ನಿಮ್ಮ ವೃತ್ತಕ್ಕೂ ಸಂಬಂಧವಿದೆಯೋ ಇಲ್ಲವೋ, ರಾಯರೇ ಹೇಳಬೇಕು.

ಹಳೇ ಎಂಜಿನ್ (ಸೋಮವಾರ, ರಾತ್ರಿ 10:30)

ಅದೇ ಇದು. ಒಂದೇ ವ್ಯತ್ಯಾಸ, ಆ ಮನುಷ್ಯ ನಿವೃತ್ತರಾದ ದಿನ ಪಟ್ಟೆ ಬರೀ ತುಕ್ಕಾಗುತ್ತದೆ.

ಹೊಸನಗರದ ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 6:40)

ಅಂಥವರು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು, ಮಕ್ಕಳೂ ಇದ್ದರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಒಳನಾಡಿನ ನೀರಿಗೆ 1917ರ ಕಾಯ್ದೆಯ ಬದಲು 2021ರಲ್ಲಿ ಹೊಸ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಕಾಯ್ದೆಯ ಪುಸ್ತಕ ಮಗುಚುವುದಿಲ್ಲ.

ಮರಿ ಖಲಾಸಿ, ಶಿಕಾರಿಪುರ (ಮಂಗಳವಾರ, ಮಧ್ಯಾಹ್ನ 12:20)

ನಾನು ಪಿಯುಸಿ ಮುಗಿಸಿದ್ದೇನೆ, ನನಗೂ ಹಡಗಿಗೆ ಹೋಗುವ ಆಸೆ. ಒಬ್ಬರು ಮೂರು ಲಕ್ಷ ಕೊಟ್ಟರೆ ತರಬೇತಿ ಇಲ್ಲದೆ ನೇರ ಕೆಲಸ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಕೊಡಬಹುದೇ?

ಹಳೇ ಎಂಜಿನ್ (ಮಂಗಳವಾರ, ಮಧ್ಯಾಹ್ನ 12:26)

ಕೊಡಬೇಡ ತಮ್ಮಾ. ಈಗಲೇ ಆ ನಂಬರ್ ಬ್ಲಾಕ್ ಮಾಡು.

ನಾವಿಕರನ್ನು ಹಡಗಿಗೆ ಕಳಿಸುವವರಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು, ಪಟ್ಟಿ ಅವರ ಜಾಲತಾಣದಲ್ಲಿದೆ. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ದುಡ್ಡು ಪಡೆಯುವುದೇ ನಿಯಮಕ್ಕೆ ವಿರುದ್ಧ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸಮುದ್ರಪೂರ್ವ ತರಬೇತಿ ಮುಗಿಸಿ, ನಾವಿಕರ ಗುರುತಿನ ಪುಸ್ತಕ ಪಡೆದು, ಕರಾರು ಓದಿ ಸಹಿ ಹಾಕು. 2006ರ ಕಡಲ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಅದರ ಪ್ರಕಾರ ನಿನ್ನ ಹಕ್ಕು. ಕಾಗದದಲ್ಲಿ ಹತ್ತು ಎಂದು ಬರೆಸಿಕೊಂಡು ಆರು ಕೊಡುವ ಹಡಗುಗಳನ್ನೂ ನೋಡಿದ್ದೇನೆ. ನಿದ್ದೆಗೆಟ್ಟವನು ಹ್ಯಾಚಿನ ಬೋಲ್ಟನ್ನು ಎರಡು ಸುತ್ತು ಕಡಿಮೆ ತಿರುಗಿಸುತ್ತಾನೆ, ಆಮೇಲೆ ಗೆರೆಯ ಲೆಕ್ಕವೂ ಕೆಡುತ್ತದೆ.

ವರದೆಯ ಅಕ್ಕ (ಮಂಗಳವಾರ, ಸಂಜೆ 5:30)

ಅಣ್ಣಾ, ಒಂದು ಪ್ರಶ್ನೆ ಉಳಿಯಿತು. ಆ ಕ್ಯಾಪ್ಟನ್ ಆಗುವುದಿಲ್ಲ ಎಂದು ಕುಳಿತಿದ್ದಾನಲ್ಲ, ಅವನ ಕೆಲಸ ಹೋಗುವುದಿಲ್ಲವೇ?

ಹಳೇ ಎಂಜಿನ್ (ಮಂಗಳವಾರ, ರಾತ್ರಿ 9:15)

ಕಾಗದದ ಉತ್ತರ: ಹೋಗಬಾರದು. ಸಮುದ್ರದಲ್ಲಿ ಜೀವ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಸ್ಪಷ್ಟವಾಗಿದೆ, ಸುರಕ್ಷತೆಗೆ ಅಗತ್ಯವೆಂದು ಕ್ಯಾಪ್ಟನ್ ತೆಗೆದುಕೊಂಡ ತೀರ್ಮಾನಕ್ಕೆ ಮಾಲೀಕನಾಗಲಿ ಬಾಡಿಗೆದಾರನಾಗಲಿ ಅಡ್ಡ ಬರುವಂತಿಲ್ಲ.

ನಾನು ಕಂಡದ್ದು ಬೇರೆ. ಬಹಳ ವರ್ಷದ ಹಿಂದೆ, ಹೆಸರು ಬೇಡ, ಒಂದು ಬಂದರಿನಲ್ಲಿ ರಾತ್ರಿ ಎರಡು ಗಂಟೆಗೆ ಲೋಡಿಂಗ್ ಮುಗಿಯಿತು. ಮುಳುಗಿನ ಅಂಕಿ ಓದಲು ಚೀಫ್ ಆಫೀಸರ್ ಹಗ್ಗದ ಏಣಿ ಇಳಿದ, ಮೇಲಿನಿಂದ ಟಾರ್ಚ್ ಹಿಡಿಯಲು ಜನವಿಲ್ಲದೆ ನನ್ನನ್ನು ಕರೆದಿದ್ದ. ನೀರು ಏರಿ ಇಳಿಯುತ್ತಿತ್ತು, ಏರಿದ್ದು ಇಳಿದದ್ದು ಹತ್ತು ಸಲ ನೋಡಿ ನಡುವಿನದ್ದನ್ನು ಬರೆದುಕೊಂಡ. ಗೆರೆ ನಾಲ್ಕು ಬೆರಳು ಒಳಗಿತ್ತು. ಸುಮಾರು 400 ಟನ್. ಬೆಳಗಾಗುವುದರೊಳಗೆ ಕಂಪನಿಯಿಂದ ಫೋನ್ ಬಂತು: "ಹವಾಮಾನ ಚೆನ್ನಾಗಿದೆಯಲ್ಲ, ದಾರಿಯಲ್ಲಿ ಎಣ್ಣೆ ಉರಿದು ಹಡಗು ತಾನಾಗಿ ಏಳುತ್ತದೆ." ಕ್ಯಾಪ್ಟನ್ ಗೋವಾದವನು, ಮೆತ್ತಗಿನ ಧ್ವನಿ. "ಎದ್ದ ಮೇಲೆ ಹೊರಡುತ್ತೇನೆ, ಸರ್" ಎಂದು ಫೋನ್ ಇಟ್ಟ. ಒಂಬತ್ತು ಗಂಟೆ ಕ್ರೇನಿನಲ್ಲಿ ಸರಕು ಇಳಿಸಿ ಹೊರಟೆವು. ಮುಂದಿನ ಕರಾರಿಗೆ ಆ ಕಂಪನಿ ಅವನನ್ನು ಕರೆಯಲಿಲ್ಲ. ಕೆಲಸದಿಂದ ತೆಗೆದರು ಎಂದು ಯಾರೂ ಹೇಳುವಂತಿಲ್ಲ, ಕರೆಯಲಿಲ್ಲ ಅಷ್ಟೇ. ಬೇರೆ ಕಂಪನಿ ಸೇರಿದ.

ಅವತ್ತು ಆ ಫೋನಿಗೆ ಉತ್ತರ ಕೊಡಲು ಅವನಿಗೆ ವಾದ ಬೇಕಾಗಲಿಲ್ಲ, ಗೆರೆ ಇತ್ತು. ಆದರೆ ನಿನ್ನ ತಮ್ಮನ ಕ್ಯಾಪ್ಟನ್‌ಗೆ ಅದೂ ಇಲ್ಲ. ಹಸಿ ಅದಿರಿಗೆ ಹೊರಗೆ ಕಾಣುವ ಗೆರೆ ಇಲ್ಲ, ಒಂದು ಡಬ್ಬಿ ಮತ್ತು ಪ್ರಯೋಗಾಲಯದ ಕಾಗದ ಮಾತ್ರ. ಅದಕ್ಕೇ ಅವನ ಮೇಲೆ ನನಗೆ ಹೆಚ್ಚು ಗೌರವ.

ಹತ್ತು ಗಾಲಿ (ಮಂಗಳವಾರ, ರಾತ್ರಿ 9:40)

ಲಾರಿಗೂ ಒಂದು ಗೆರೆ ಬೇಕು ರಾಯರೇ, ಪಕ್ಕೆಯ ಮೇಲೆ, ದಾರಿಹೋಕರಿಗೆ ಕಾಣುವ ಹಾಗೆ. 2018ರಲ್ಲಿ ಕೇಂದ್ರ ಮಿತಿಯನ್ನೇ ಏರಿಸಿತು. ನನ್ನ ಹತ್ತು ಗಾಲಿಗೆ ಗಾಡಿ ಸೇರಿ 25 ಟನ್ ಇದ್ದದ್ದು 28.5 ಆಯಿತು. ಗಾಡಿ ಅದೇ, ಘಾಟಿ ಅದೇ.

ವರದೆಯ ಅಕ್ಕ (ಶನಿವಾರ, ರಾತ್ರಿ 8:20)

ಸುದ್ದಿ ಇದೆ. ನಾಲ್ಕು ದಿನ ಹಡಗು ಹಾಗೆಯೇ ನಿಂತಿತ್ತಂತೆ. ತಮ್ಮನ ಕೈಯಲ್ಲೇ ಡಬ್ಬಿ ಕುಟ್ಟಿಸಿದರು. ಹಾಲಿನ ಪುಡಿಯ ಖಾಲಿ ಡಬ್ಬಿ, ಹದಿನೆಂಟನೆಯ ಕುಟ್ಟಿಗೆ ನೀರು ಮಿನುಗಿತು ಎಂದ. ಹೊರಗಿನ ಪ್ರಯೋಗಾಲಯದವರು ಬಂದು ರಾಶಿಯ ಬುಡದಿಂದ ಮಾದರಿ ತೆಗೆದರು. ಮಳೆಗೆ ನೆನೆದ ರಾಶಿ ಅಲ್ಲೇ ಉಳಿಯಿತು, ಚಾವಣಿಯ ಕೆಳಗಿದ್ದ ಸರಕು ಬಂತು. ನಿನ್ನೆ ಸಂಜೆ ಹೊರಟಿದ್ದಾರೆ. ಏಜೆಂಟ್ ಕೊನೆಯ ದಿನ ಎಲ್ಲರಿಗೂ ಸಿಹಿ ಹಂಚಿ ಹೋದನಂತೆ, ಯಾಕೋ ಗೊತ್ತಿಲ್ಲ.

ಹೊರಡುವ ಮೊದಲು ತೆಗೆದ ಫೋಟೊ ಕಳಿಸಿದ್ದಾನೆ. ಅಮ್ಮ ಕನ್ನಡಕ ಹಾಕಿಕೊಂಡು ಮೊಬೈಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಸ್ ಗೆರೆಯಿಂದ ನೀರಿನವರೆಗೆ ಬೆರಳಿಟ್ಟು ಅಳೆದಳು. ಪರದೆಯ ಮೇಲೆ ಬೆರಳಿಟ್ಟರೆ ಚಿತ್ರ ಓಡಿಹೋಗುತ್ತದೆ, ಮತ್ತೆ ಹಿಡಿದು ತಂದಳು. "ಎರಡು ಬೆರಳು ಇದೆ" ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆ ಡಬ್ಲ್ಯು ಎನ್ನುವುದು ಮಾತ್ರ ನೀರೊಳಗಿದೆಯಲ್ಲ?" ಎಂದು ಕೇಳಿದಳು. ಅದು ಚಳಿಗಾಲದ್ದು ಅಮ್ಮ, ಈಗ ಲೆಕ್ಕಕ್ಕಿಲ್ಲ ಎಂದೆ.

ತಲೆಯಾಡಿಸಿ ಅನ್ನ ಬಡಿಸಿಕೊಂಡಳು. ಎರಡು ತುತ್ತು ಉಂಡು, "ದೀಪಾವಳಿ ಕಳೆದ ಮೇಲೆ ಹಡಗು ಎಲ್ಲಿರುತ್ತದೆ ಎಂದು ಕೇಳಿಡು" ಎಂದಳು.